ಟೊಮೆಟೊಗೆ ನೀರೆಷ್ಟು, ಗೊಬ್ಬರ ಯಾವಾಗ?

ಬಯಲುಸೀಮೆಯ ಕಡೂರು, ಅರಸೀಕೆರೆ ಕಡೆಯ ಸಾವಯವ ಟೊಮೆಟೊ ಬೆಳೆಗಾರರ ದೂರು ಒಂದು ಬಗೆಯದು: ‘ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೂ ಗಿಡ ಹಳದಿಯಾಗಿದೆ.’ ಮಲೆನಾಡಿನ ಅಂಚಿನ ಬೇಲೂರು, ಆಲೂರಿನ ಕಡೆಯವರದು ಇನ್ನೊಂದು ಬಗೆ: ‘ಗಿಡ ಕಪ್ಪು ಹಸಿರಾಗಿ ಎದೆಮಟ್ಟ ಬೆಳೆದಿದೆ, ಹೂವು ಮಾತ್ರ ಉದುರುತ್ತಿದೆ.’ ಇಬ್ಬರೂ ಗೊಬ್ಬರದಂಗಡಿಗೆ ಹೋಗುತ್ತಾರೆ. ಇಬ್ಬರೂ ಮೊದಲು ನೋಡಬೇಕಾದದ್ದು ಮಣ್ಣಿನ ತೇವವನ್ನು.

ರಾಸಾಯನಿಕ ಗೊಬ್ಬರ ನೀರಿನಲ್ಲಿ ಕರಗಿ ನೇರವಾಗಿ ಬೇರಿಗೆ ಸಿಗುತ್ತದೆ. ಸಾವಯವ ಗೊಬ್ಬರದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬಿಡಿಸಿ ಕೊಡಬೇಕು. ಮಣ್ಣು ಒಣಗಿದರೆ ಅವು ಸುಮ್ಮನಾಗುತ್ತವೆ, ಗೊಬ್ಬರ ಹಾಕಿದಲ್ಲೇ ಬಿದ್ದಿರುತ್ತದೆ. ನೀರು ಹೆಚ್ಚಾದರೆ ಬಿಡುಗಡೆಯಾದ ನೈಟ್ರೇಟ್ ರೂಪದ ಸಾರಜನಕ ಬೇರಿನ ಕೆಳಗೆ ಇಳಿದುಹೋಗುತ್ತದೆ. ನೀರು ನಿಂತರೆ ಗಾಳಿಯಿಲ್ಲದೆ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ, ಬೇರೂ ಕೊಳೆಯುತ್ತದೆ. ಸಾವಯವ ತೋಟದಲ್ಲಿ ನೀರಿನ ವಾಲ್ವು ತಿರುಗಿಸುವುದೆಂದರೆ ಗೊಬ್ಬರದ ವಾಲ್ವನ್ನೂ ತಿರುಗಿಸಿದಂತೆಯೇ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಕೆಲಸಗಳೆಲ್ಲ ಸುಲಭ.

<b>ಮೊದಲು ಜಾಗ, ಆಮೇಲೆ ತಿಪ್ಪೆ</b>

ಹಾಸನ ಜಿಲ್ಲೆ ಆಲೂಗಡ್ಡೆಯ ನಾಡು. ಆಲೂಗಡ್ಡೆ ಕಿತ್ತ ಹೊಲಕ್ಕೆ ಟೊಮೆಟೊ ನಾಟಿ ಮಾಡುವ ಆಸೆ ಸಹಜವೇ, ಆದರೆ ದಯವಿಟ್ಟು ಬೇಡ. ಎರಡೂ ಒಂದೇ ಕುಟುಂಬದ ಬೆಳೆಗಳು. ಅಂಗಮಾರಿಯೂ ದುಂಡಾಣು ಸೊರಗು ರೋಗವೂ ಎರಡನ್ನೂ ಕಾಡುತ್ತವೆ. ಬದನೆ, ಮೆಣಸಿನಕಾಯಿ ಬೆಳೆದ ಜಾಗಕ್ಕೂ ಇದೇ ಮಾತು. ರಾಗಿ, ಜೋಳ, ಹುರುಳಿ ಅಥವಾ ಚೆಂಡುಹೂವು ಬೆಳೆದ ಹೊಲವನ್ನು ಆರಿಸಿಕೊಳ್ಳಿ.

ಸಕಲೇಶಪುರ, ಮೂಡಿಗೆರೆಯಂಥ ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಅಲ್ಲಿ ಮಣ್ಣು ಪರೀಕ್ಷೆಯ ವರದಿ ಹೇಳಿದಷ್ಟು ಸುಣ್ಣ ಹಾಕಲೇಬೇಕು. ಸುಣ್ಣವನ್ನೂ ಸಗಣಿ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಆದ್ದರಿಂದ ಸುಣ್ಣ ಮೊದಲು, ಮೂರು ವಾರ ಬಿಟ್ಟು ಗೊಬ್ಬರ. ಮಣ್ಣು ಪರೀಕ್ಷೆಗೆ ಕಂದಲಿಯ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ತಿಪ್ಪೆಯಿಂದ ಗೊಬ್ಬರ ತೆಗೆಯುವಾಗ ಮೂಸಿ ನೋಡಿ. ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂದಿರಬೇಕು, ಹುಲ್ಲಿನ ಎಳೆಗಳು ಗುರುತು ಸಿಗದಂತೆ ಪುಡಿಯಾಗಿರಬೇಕು. ಅರೆ ಕೊಳೆತ ಗೊಬ್ಬರ ಹಾಕಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಲು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಎಳೆ ಸಸಿ ಹಳದಿಯಾಗುತ್ತದೆ. ಜೊತೆಗೆ ಗೊಣ್ಣೆಹುಳುವನ್ನೂ ನಾವೇ ಹೊಲಕ್ಕೆ ಕರೆತಂದಂತಾಗುತ್ತದೆ. ಕೋಳಿ ಗೊಬ್ಬರ ಇನ್ನೂ ಬಿಸಿ. ಅದನ್ನು ಚೆನ್ನಾಗಿ ಕೊಳೆಸದೆ ಹಾಕಲೇಬಾರದು. ಕಾಫಿ ಸಿಪ್ಪೆ, ತೆಂಗಿನ ನಾರಿನ ಪುಡಿಗೂ ಇದೇ ನಿಯಮ.

<b>ಎಷ್ಟು ಗೊಬ್ಬರ?</b>

ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ಸಾರಜನಕ ಸುಮಾರು ಅರ್ಧ ಶೇಕಡಾ, ಅಂದರೆ 50 ಕಿಲೋ. ಮೊದಲ ಬೆಳೆಗೆ ಸಿಗುವುದು ಸುಮಾರು ಮೂರನೇ ಒಂದು ಭಾಗ, ಹದಿನಾರು ಹದಿನೇಳು ಕಿಲೋ ಮಾತ್ರ. ಸಾಮಾನ್ಯ ತಳಿಯ ಟೊಮೆಟೊಗೆ ಎಕರೆಗೆ 45 ಕಿಲೋ ಹತ್ತಿರ ಸಾರಜನಕ ಬೇಕು, ಹೈಬ್ರಿಡ್‌ಗೆ ಅದರ ಎರಡರಷ್ಟು. ಕೊರತೆಯನ್ನು ಕಂತುಕಂತಾಗಿ ತುಂಬಬೇಕು. ಪೂರ್ತಿ ಸಾವಯವಕ್ಕೆ ಹೊಸದಾಗಿ ಕೈಹಾಕುವವರು ಹೊಟ್ಟೆಬಾಕ ಹೈಬ್ರಿಡ್‌ನಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ.

ನಾಟಿಗೆ ಎರಡು ಮೂರು ವಾರ ಮೊದಲು, ಮಣ್ಣು ಹಸಿಯಾಗಿರುವಾಗ ಕೊಟ್ಟಿಗೆ ಗೊಬ್ಬರ ಹರಡಿ ಮಣ್ಣಿಗೆ ಸೇರಿಸಿ. ಒಂದು ಕ್ವಿಂಟಲ್ ಗೊಬ್ಬರಕ್ಕೆ ಒಂದೆರಡು ಕಿಲೋ ಟ್ರೈಕೋಡರ್ಮ (ರೋಗ ತಡೆಯುವ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ, ಆಗಾಗ ನೀರು ಚಿಮುಕಿಸಿ ವಾರವೆರಡು ಇಟ್ಟುಕೊಂಡರೆ ನಾಟಿ ಗುಣಿಗೆ ಒಳ್ಳೆಯದು. ನಾಲ್ಕು ಅಡಿ ಸಾಲು, ಒಂದೂವರೆ ಅಡಿ ಅಂತರವಾದರೆ ಎಕರೆಗೆ ಏಳು ಸಾವಿರಕ್ಕೂ ಹೆಚ್ಚು ಸಸಿಗಳು. ನಾಟಿಯಾದ 20 ದಿನಕ್ಕೆ ಗಿಡಕ್ಕೊಂದು ಹಿಡಿ, ಅಂದರೆ ಸುಮಾರು ನೂರು ಗ್ರಾಂ ಎರೆಗೊಬ್ಬರ ಹಾಕಿ. ಬೇವಿನ ಅಥವಾ ಹೊಂಗೆ ಹಿಂಡಿಯನ್ನು ಗಿಡಕ್ಕೆ 30 ಗ್ರಾಂನಂತೆ ಎರಡು ಸಲ ಕೊಡಬೇಕು. ಹಿಂಡಿಯ ಸಾರ ಬಿಡುಗಡೆಯಾಗಲು ಎರಡು ಮೂರು ವಾರ ಹಿಡಿಯುತ್ತದೆ. ಹೂವು ಕಂಡ ಮೇಲೆ ಮೊದಲ ಕಂತು ಹಾಕಿದರೆ ತಡವಾಯಿತು. ಮೊದಲ ಕಂತು 25ನೇ ದಿನಕ್ಕೆ, ಎರಡನೆಯದು 45ನೇ ದಿನಕ್ಕೆ ಇರಲಿ. ಬುಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರದಲ್ಲಿ, ಹನಿ ಬೀಳುವ ಜಾಗಕ್ಕೆ ಹಾಕಿ ಮಣ್ಣು ಮುಚ್ಚಿ. ತೇವವಿಲ್ಲದ ಕಡೆ ಬಿದ್ದ ಹಿಂಡಿ ವ್ಯರ್ಥ.

ಜೀವಾಮೃತದ ಬಗ್ಗೆ ಒಂದು ಮಾತು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಐದರಿಂದ 10 ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಸೇರಿಸಿದರೆ ಎಕರೆಗೆ ಒಂದು ಸಲಕ್ಕೆ ಸಾಕು. ಅದು ಮಣ್ಣಿನ ಜೀವಿಗಳನ್ನು ಹುರಿದುಂಬಿಸುತ್ತದೆ ನಿಜ, ಆದರೆ ಅದರಲ್ಲಿರುವ ಪೋಷಕಾಂಶ ಕಡಿಮೆ. ಜೀವಾಮೃತವೊಂದಿದ್ದರೆ ಗೊಬ್ಬರವೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀರು ಕೊಟ್ಟ ಮೇಲೆ, ಸಂಜೆ ಹೊತ್ತು ಕೊಡಿ. ಹನಿ ಕೊಳವೆಯಲ್ಲಿ ಬಿಡುವುದಾದರೆ ಎರಡು ಪದರ ಬಟ್ಟೆಯಲ್ಲಿ ಸೋಸಿ, ಕೊನೆಗೆ ಹತ್ತು ಹದಿನೈದು ನಿಮಿಷ ಬರಿ ನೀರು ಹಾಯಿಸಿ. ಇಲ್ಲದಿದ್ದರೆ ಡ್ರಿಪ್ಪರ್‌ಗಳು ಕಟ್ಟಿಕೊಳ್ಳುತ್ತವೆ.

<b>ನೀರಿನ ಲೆಕ್ಕ</b>

ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ತುಂಬು ಹೂವು ಕಾಯಿಯ ಟೊಮೆಟೊ ಅದರ 1.15 ಪಟ್ಟು ಬೇಡುತ್ತದೆ. ಮೇಲೆ ಹೇಳಿದ ಅಂತರದಲ್ಲಿ ಅದು ಗಿಡಕ್ಕೆ ಸುಮಾರು 3 ಲೀಟರ್. ಸಾಲಿಗೊಂದು ಹನಿ ಕೊಳವೆ (ಲ್ಯಾಟರಲ್), 40 ಸೆಂಟಿಮೀಟರಿಗೊಂದು ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಇದ್ದರೆ 80 ನಿಮಿಷ ಬಿಟ್ಟರೆ ಸಾಕು. ಎಳೆ ಸಸಿಗೆ ಅರ್ಧದಿಂದ ಒಂದು ಲೀಟರ್. ಮೋಡ ಕವಿದ ದಿನ ಇದಕ್ಕಿಂತ ಕಡಿಮೆ ಸಾಕು. ತ್ರೀಫೇಸ್ ವಿದ್ಯುತ್ ರಾತ್ರಿ ಬಂತೆಂದು ಪಂಪು ಹಾಕಿ ಮಲಗಿ ಬೆಳಗಿನವರೆಗೂ ನೀರು ಹರಿಸಿದರೆ ಹೋಗುವುದು ನೀರಷ್ಟೇ ಅಲ್ಲ, ಹಿಂಡಿಗೆ ಕೊಟ್ಟ ದುಡ್ಡೂ ಹೋಗುತ್ತದೆ. ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಈ ನಷ್ಟ ಇನ್ನೂ ಹೆಚ್ಚು. ಅಲ್ಲಿ ಅದೇ ನೀರನ್ನು ಬೆಳಿಗ್ಗೆ, ಸಂಜೆ ಎಂದು ಹಂಚಿ ಕೊಡಬೇಕು.

ಲೆಕ್ಕಕ್ಕಿಂತ ಕೈ ನಂಬಿಗಸ್ತ. ಡ್ರಿಪ್ಪರ್ ಪಕ್ಕ ಒಂದು ಗೇಣು ಆಳ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಒಡೆದರೆ ಹದ ಸರಿಯಾಗಿದೆ. ಉಂಡೆ ಕಟ್ಟದಿದ್ದರೆ ನೀರು ಬೇಕು. ಅಂಗೈಗೆ ನೀರು ಅಂಟಿ ಹೊಳೆದರೆ ನಾಳೆ ಪಂಪು ಹಾಕಬೇಡಿ.

ಗಿಡವೂ ಹೇಳುತ್ತದೆ. ಮಧ್ಯಾಹ್ನ ಎಲೆ ಬಾಗಿ ಸಂಜೆಗೆ ಎದ್ದರೆ ಚಿಂತೆಯಿಲ್ಲ. ಬೆಳಗಿನ ಹೊತ್ತಿಗೇ ಬಾಗಿದ್ದು ಮಣ್ಣು ಒಣಗಿದ್ದರೆ ನೀರು ಕೊಡಿ. ಮಣ್ಣು ಹಸಿಯಾಗಿದ್ದೂ ಬಾಗಿದ್ದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಅದ್ದಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು. ಆ ಗಿಡಕ್ಕೆ ನೀರೂ ಗೊಬ್ಬರವೂ ದಂಡ, ಬೇರು ಸಮೇತ ಕಿತ್ತು ಹೊಲದಿಂದ ಹೊರಹಾಕಿ. ಈ ಕಾಟ ಇರುವ ಕಡೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಯೋಚಿಸಬಹುದಾದ ತಳಿ. ಎಲೆ ಮುರುಟು, ಎಲೆ ಅಂಗಮಾರಿ, ಸೊರಗು ಮೂರನ್ನೂ ತಡೆಯುವ ಗುಣ ಅದಕ್ಕಿದೆ. ಹೈಬ್ರಿಡ್ ಆದ್ದರಿಂದ ಗೊಬ್ಬರ ಮಾತ್ರ ಧಾರಾಳವಾಗಿ ಬೇಕು.

ಕಾಯಿ ಕಟ್ಟುವ ಕಾಲಕ್ಕೆ ನೀರಿನ ಏರುಪೇರು ತೀರಾ ಅಪಾಯ. ಕಾಯಿಯ ತುದಿ ಕಪ್ಪಾಗಿ ಕುಳಿಬಿದ್ದಂತೆ ಕಂಡರೆ ಬಹುಮಂದಿ ರೋಗವೆಂದು ಔಷಧ ಸಿಂಪಡಿಸುತ್ತಾರೆ. ಅದು ಕ್ಯಾಲ್ಸಿಯಂ ಕಾಯಿಗೆ ತಲುಪದ ತೊಂದರೆ. ಎಷ್ಟೋ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದನ್ನು ಹೊತ್ತೊಯ್ಯುವ ನೀರು ಎಡೆಬಿಡದೆ ಸಿಗುತ್ತಿರುವುದಿಲ್ಲ. ನಾಲ್ಕು ದಿನ ಒಣಗಿಸಿ ಐದನೇ ದಿನ ಮಡಿ ತುಂಬ ಹರಿಸಿದರೆ ಹಣ್ಣು ಬಿರಿಯುತ್ತದೆ. ಸಾರಜನಕ ಹೆಚ್ಚಾದರೂ ತುದಿ ಕಪ್ಪಾಗುವುದು ಹೆಚ್ಚುತ್ತದೆ. ಎಲೆ ಕಡು ಹಸಿರಾಗಿ ಸುರುಳಿಗಟ್ಟಿ, ಕಾಂಡ ಹೆಬ್ಬೆರಳ ದಪ್ಪವಾಗಿ ಹೂವು ಉದುರುತ್ತಿದ್ದರೆ ಎರಡನೇ ಕಂತಿನ ಹಿಂಡಿಯನ್ನು ಕೈಬಿಡಿ.

ಹೊದಿಕೆ ಈ ಏರುಪೇರನ್ನು ತಗ್ಗಿಸುತ್ತದೆ. ರಾಗಿ ಹುಲ್ಲು ದನಕ್ಕೆ ಬೇಕು. ಅದರ ಬದಲು ಒಣ ತೆಂಗಿನ ಗರಿ, ಹೊಂಗೆ ಸೊಪ್ಪು, ಕಳೆಯ ಒಣಹುಲ್ಲನ್ನು ಮೂರು ನಾಲ್ಕು ಅಂಗುಲ ದಪ್ಪ ಹರಡಿ. ಮಲೆನಾಡಿನ ಅಂಚಿನಲ್ಲಿ ಒಂದಡಿ ಎತ್ತರದ ಏರುಮಡಿ, ನಡುವೆ ಬಸಿಗಾಲುವೆ ಮೊದಲು, ಹೊದಿಕೆ ಆಮೇಲೆ. ಕಾಫಿ ತೋಟದ ಸ್ಪ್ರಿಂಕ್ಲರ್ ಮನೆಯಲ್ಲಿದೆಯೆಂದು ಟೊಮೆಟೊಗೆ ತಿರುಗಿಸಬೇಡಿ. ಎಲೆ ಒದ್ದೆಯಾದಷ್ಟೂ ಅಂಗಮಾರಿಗೆ ಅನುಕೂಲ.

ನಾಟಿಯಾದ 70–75 ದಿನಕ್ಕೆ ಕೊಯ್ಲು ಆರಂಭವಾಗುತ್ತದೆ. ಹಣ್ಣು ಬಣ್ಣ ತಿರುಗುವಾಗ ನೀರನ್ನು ಕಾಲು ಭಾಗ ತಗ್ಗಿಸಿ, ಒಮ್ಮೆಲೇ ನಿಲ್ಲಿಸಬೇಡಿ. ಈ ಹಂತದಲ್ಲಿ ಹೊಸ ಗೊಬ್ಬರ ಬೇಡ. ಕೊಟ್ಟಿಗೆ ಗೊಬ್ಬರದ ಸಾರಜನಕದಲ್ಲಿ ಹೆಚ್ಚಿನ ಪಾಲು ಇನ್ನೂ ಮಣ್ಣಿನಲ್ಲೇ ಇರುತ್ತದೆ. ಕೊಯ್ಲು ಮುಗಿದ ಹೊಲಕ್ಕೆ ರಾಗಿ ಬಿತ್ತುವವರು ಅದನ್ನು ಲೆಕ್ಕಕ್ಕೆ ಹಿಡಿದು ಆ ಬೆಳೆಯ ಗೊಬ್ಬರವನ್ನು ಕಡಿಮೆ ಮಾಡಿಕೊಳ್ಳಬಹುದು.