ಮೇಸ್ತ್ರಿ ಹೇಗೆಂದು ಪೈಂಟರ್‌ನಲ್ಲಿ ಕೇಳಿ

ಮೇ ತಿಂಗಳಲ್ಲಿ ಮಂಗಳೂರಿನ ಯಾವ ಮನೆಗೆ ಹೋದರೂ ಒಂದೇ ಮಾತು: ರಿಪೇರಿಗೆ ಜನ ಸಿಗ್ತಾ ಇಲ್ಲ. ಜನ ಇದ್ದಾರೆ. ಆ ಹೊತ್ತಿಗೆ ಅವರೆಲ್ಲ ಬೇರೆಯವರ ಮಾಡಿನ ಮೇಲಿರುತ್ತಾರೆ, ಅಷ್ಟೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿದು. ಹಾಗಾಗಿ ಎಲ್ಲರಿಗೂ ಕೆಲಸದವರು ಒಟ್ಟಿಗೇ ಬೇಕಾಗುತ್ತಾರೆ. ನಾನು ಜನ ಮಾಡಿಕೊಂಡದ್ದು ಆಟಿ ತಿಂಗಳಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೊರಗಿನ ಕೆಲಸ ನಿಂತಿರುತ್ತದೆ. ಒಳ್ಳೆಯ ಕೆಲಸದವರಿಗೂ ಆಗ ಮಾತನಾಡಲು ಪುರುಸೊತ್ತು ಉಂಟು, ಒಂದು ಸಣ್ಣ ಕೆಲಸವನ್ನೂ ಖುಷಿಯಿಂದ ಒಪ್ಪಿಕೊಳ್ಳುತ್ತಾರೆ.

ಹೆಸರು ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಪಕ್ಕದ ಮನೆಯವರಲ್ಲಿ. ಮಾತು ಹೇಗೆ, ಸಮಯಕ್ಕೆ ಬರುತ್ತಾರಾ, ಹೋಗುವಾಗ ಜಾಗ ಗುಡಿಸಿದರಾ ಎಂಬುದನ್ನು ಅವರು ಹೇಳಬಲ್ಲರು. ಗೋಡೆಯ ಒಳಗೆ ಏನು ಮಾಡಿದ್ದಾರೆಂದು ಅವರಿಗೂ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಆ ಕೆಲಸದ ಮೇಲೆ ತನ್ನ ಕೆಲಸ ಮಾಡಬೇಕಾದವರಿಗೆ. ಸಾರಣೆ ಸರಿಯಿಲ್ಲದಿದ್ದರೆ ಅದರ ಹೊರೆ ಬೀಳುವುದು ಪೈಂಟರ್ ಮೇಲೆ, ಪ್ಲಂಬರ್ ಪೈಪ್ ಓರೆ ಇಟ್ಟರೆ ಟೈಲ್ಸ್ ಹಾಕುವವರ ಮೇಲೆ, ದಾರಂದ ತೂಗುಗುಂಡಿಗೆ ಸರಿ ನಿಲ್ಲದಿದ್ದರೆ ಬಾಗಿಲು ಕೂರಿಸುವ ಆಚಾರಿಯ ಮೇಲೆ. ಆದ್ದರಿಂದ ನಾನು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ಪೈಂಟರ್‌ನಲ್ಲಿ: ಯಾರು ಸಾರಣೆ ಮಾಡಿದ ಗೋಡೆಗೆ ಪುಟ್ಟಿ ಕಡಿಮೆ ಹೋಗ್ತದೆ? ಟೈಲ್ಸ್‌ನವರಲ್ಲಿ: ಯಾರು ಪೈಪ್ ಹಾಕಿದ ಬಚ್ಚಲಲ್ಲಿ ನಿಮಗೆ ಗೋಡೆ ಪುನಃ ಕೆತ್ತುವ ಕೆಲಸ ಇರುವುದಿಲ್ಲ? ಆಚಾರಿಯಲ್ಲಿ: ಯಾರು ನಿಲ್ಲಿಸಿದ ದಾರಂದಕ್ಕೆ ಬಾಗಿಲು ಜಾಸ್ತಿ ಕೀಸದೆ ಕೂರ್ತದೆ? ‘ಒಳ್ಳೆ ಮೇಸ್ತ್ರಿ ಯಾರು’ ಎಂದರೆ ತಮ್ಮ ಬಾವನ ಹೆಸರು ಹೇಳಿಯಾರು. ಪುಟ್ಟಿಯ ಲೆಕ್ಕ ಕೇಳಿದಾಗ ಬರುವ ಹೆಸರು ಅವರ ಕೈ ನೋವಿನಿಂದ ಬಂದದ್ದು. ಇಬ್ಬರು ಪೈಂಟರ್‌ಗಳ ಬಾಯಲ್ಲಿ ಒಂದೇ ಮೇಸ್ತ್ರಿಯ ಹೆಸರು ಬಂದರೆ ನಾನು ಮತ್ತೆ ಹುಡುಕುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯವರಲ್ಲೂ ಕೇಳಬಹುದು, ಆದರೆ ಅಂಗಡಿಗೂ ಕೆಲಸದವರಿಗೂ ಕಮಿಷನ್ ಲೆಕ್ಕ ಇರುವ ಕಡೆ ಉತ್ತರ ಬೇರೆ ಆಗುತ್ತದೆ. ಬಂದರಿನ ಸಗಟು ಅಂಗಡಿಯಾಗಲಿ ಊರಿನ ಚಿಕ್ಕ ಅಂಗಡಿಯಾಗಲಿ, ನನ್ನ ಪ್ರಶ್ನೆ ಒಂದೇ: ಉಳಿದ ಫಿಟಿಂಗ್ಸ್ ಲೆಕ್ಕ ಹಾಕಿ ವಾಪಸ್ ತಂದುಕೊಡುವವರು ಯಾರು? ಹಾಗೆ ತಂದುಕೊಡುವವರು ಮನೆಯವರ ದುಡ್ಡನ್ನು ತಮ್ಮ ದುಡ್ಡಿನ ಹಾಗೆ ನೋಡುವವರು.

ಹೆಸರು ಸಿಕ್ಕಿದ ಮೇಲೆ ದೊಡ್ಡ ಕೆಲಸ ಕೊಡುವುದಿಲ್ಲ. ಅರ್ಧ ದಿನದಲ್ಲಿ ಮುಗಿಯುವ ಒಂದು ಕೆಲಸ ಕೊಟ್ಟು ಪಕ್ಕದಲ್ಲಿ ನಿಂತು ನೋಡುತ್ತೇನೆ.

ಇಲೆಕ್ಟ್ರಿಷಿಯನ್‌ಗೆ ಮಳೆಗಾಲಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಆಟಿಯ ಮಳೆಗೆ ಆರ್‌ಸಿಸಿಬಿ ಎಂಬ ಸುರಕ್ಷತೆಯ ಸ್ವಿಚ್ಚು ಮತ್ತೆ ಮತ್ತೆ ಬೀಳುತ್ತದೆ. ಮನೆಗಳಲ್ಲಿ ಹಾಕುವುದು 30 ಮಿಲಿ ಆಂಪಿಯರಿನದ್ದು. ಅಷ್ಟು ಕರೆಂಟು ಭೂಮಿಗೆ ಸೋರಿದರೆ ಅದು ಲೈನ್ ಕಡಿಯುತ್ತದೆ, ಮನುಷ್ಯ ಬದುಕುವುದು ಅದರಿಂದ. ‘ಇದು ಹಾಳಾಗಿದೆ ಸಾರ್, ಡೈರೆಕ್ಟ್ ಕೊಡ್ತೇನೆ’ ಎನ್ನುವವರನ್ನು ಅಲ್ಲಿಗೇ ಬಿಡಬೇಕು, ಅವರು ಎಷ್ಟೇ ಬೇಗ ಬರುವವರಾಗಲಿ. ಕೆಲಸ ಗೊತ್ತಿರುವವರು ಮೊದಲು ಎಲ್ಲ ಎಂಸಿಬಿ (ಒಂದೊಂದು ಲೈನಿಗೂ ಇರುವ ಸ್ವಿಚ್ಚು) ಕೆಳಗೆ ಮಾಡಿ ಆರ್‌ಸಿಸಿಬಿ ಮೇಲೆತ್ತುತ್ತಾರೆ. ನಿಂತರೆ ಒಂದೊಂದೇ ಎಂಸಿಬಿ ಹಾಕುತ್ತಾ ಹೋಗುತ್ತಾರೆ. ಯಾವುದಕ್ಕೆ ಬೀಳುತ್ತದೋ ಆ ಲೈನಿನಲ್ಲಿ ಕರೆಂಟು ಸೋರುತ್ತಿದೆ. ಗೇಟಿನ ಲೈಟು, ಅಂಗಳದ ಪ್ಲಗ್, ಬಾವಿಯ ಪಂಪು ಇವು ಮೊದಲ ಗುಮಾನಿ, ಆಮೇಲೆ ಗೀಸರಿನ ಎಲಿಮೆಂಟು. ಎಲ್ಲ ಎಂಸಿಬಿ ಕೆಳಗಿದ್ದರೂ ಬೀಳುತ್ತಿದ್ದರೆ, ಅಥವಾ ಯಾವ ಲೈನ್ ಹಾಕಿ ಲೋಡ್ ಕೊಟ್ಟರೂ ಬೀಳುತ್ತಿದ್ದರೆ, ಹೆಚ್ಚಾಗಿ ಎಲ್ಲೋ ನ್ಯೂಟ್ರಲ್ ಅರ್ತನ್ನು ಮುಟ್ಟುತ್ತಿದೆ ಎಂದರ್ಥ. ಒಂಟಿ ಪೋಲಿನ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಆಗ ಮೇನ್ ಬಂದ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ವೈರು ಬಿಚ್ಚಿ ಹುಡುಕಬೇಕು. ಇಷ್ಟನ್ನು ಯಾರೂ ಹೇಳಿಕೊಡದೆ ಮಾಡುವ ಇಲೆಕ್ಟ್ರಿಷಿಯನ್ ಸಿಕ್ಕಿದರೆ ಅವರ ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಹಾಕಿಡಿ.

ಅವರ ಉಳಿದ ಕೆಲಸದಲ್ಲಿ ನಾನು ನೋಡುವುದು: ಪ್ಲಗ್ಗಿಗೆ ಎದುರು ನಿಂತಾಗ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇದೆಯಾ, ಸ್ವಿಚ್ಚು ಫೇಸಿನ ಮೇಲೆಯೇ ಇದೆಯಾ, ಲೈಟಿಗೆ 1.5 ಚದರ ಎಂಎಂ, 16 ಆಂಪಿಯರ್ ಪ್ಲಗ್ಗಿಗೆ 2.5, ಎಸಿಗೆ 4 ಎಂದು ವೈರು ಬೇರೆ ಬೇರೆ ಕೇಳುತ್ತಾರಾ. ಮುರಕಲ್ಲಿನ (ಲ್ಯಾಟರೈಟ್) ನೆಲ ಬೇಸಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಏಪ್ರಿಲ್‌ನಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯಲು ಹೇಳುವವರು ಈ ಊರಿನ ಮಣ್ಣು ಗೊತ್ತಿರುವವರು. ಪೂರ್ತಿ ವೈರಿಂಗ್, ಲೋಡ್ ಹೆಚ್ಚಿಸುವುದು, ಹೊಸ ಮೀಟರು ಇವೆಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು, ಮೆಸ್ಕಾಂ ಕೇಳುವುದು ಅವರ ಸಹಿಯನ್ನು. ಹಾಗಾಗಿ ನನ್ನ ಪಟ್ಟಿಯಲ್ಲಿ ದಿನದ ರಿಪೇರಿಗೆ ಒಬ್ಬರು, ಲೈಸೆನ್ಸ್‌ನವರು ಒಬ್ಬರು.

ಪ್ಲಂಬರ್‌ಗೆ ಕೊಡುವ ಮೊದಲ ಕೆಲಸ ಒಂದು ಆ್ಯಂಗಲ್ ವಾಲ್ವ್ ಬದಲಿಸುವುದು. ಮೇನ್ ವಾಲ್ವ್ ಎಲ್ಲಿ ಎಂದು ಕೇಳದೆ ಸ್ಪ್ಯಾನರ್ ಹಿಡಿದರೆ ಅಲ್ಲೇ ಗೊತ್ತಾಯಿತು. ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಸುರುಳಿ ಬಿಚ್ಚಿ ಹೊರಗೆ ಬರುತ್ತದೆ. ಪೈಪಿನ ಕೆಲಸವಾದರೆ ಬಿಸಿನೀರಿಗೆ ಸಿಪಿವಿಸಿಯನ್ನೇ ಹಾಕುತ್ತಾರಾ ನೋಡಿ. ಅದು 93 ಡಿಗ್ರಿವರೆಗೆ ತಡೆಯುವ ಪೈಪು, ಬಿಳಿ ಯುಪಿವಿಸಿ ಆ ಬಿಸಿಗೆ ಮೆತ್ತಗಾಗುತ್ತದೆ. ಎರಡಕ್ಕೂ ಅಂಟು ಬೇರೆ ಬೇರೆ. ಪೈಪ್ ಕತ್ತರಿಸಿದ ಮೇಲೆ ಅಂಚಿನ ಸಿಬಿರು ತೆಗೆದು, ಪೈಪಿಗೂ ಫಿಟಿಂಗಿನ ಒಳಗೂ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಬೇಗ ಬಿಟ್ಟರೆ ಪೈಪು ತಾನಾಗಿ ಸ್ವಲ್ಪ ಹಿಂದೆ ಜಾರುತ್ತದೆ. ಆ ಜಾಯಿಂಟು ಇವತ್ತು ಸೋರುವುದಿಲ್ಲ, ಟೈಲ್ಸ್ ಹಾಕಿ ಆರು ತಿಂಗಳಾದ ಮೇಲೆ ಸೋರುತ್ತದೆ. ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಪಂಪಿನಿಂದ ಪರೀಕ್ಷೆ ಮಾಡಿ ಒಂದು ರಾತ್ರಿ ಬಿಡುವವರೇ ಬೇಕು. ನಮ್ಮ ಮುರಕಲ್ಲು ನೆಲದ ಬಾವಿ ನೀರು ಹೆಚ್ಚಿನ ಕಡೆ ಆಮ್ಲೀಯ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿಂದುಹಾಕುತ್ತದೆ. ಹಳೆ ಜಿಐ ಲೈನಿಗೆ ಇನ್ನೂ ಒಂದು ತುಂಡು ಜಿಐ ಸೇರಿಸುವ ಎನ್ನುವ ಸಲಹೆಗೆ ನಾನು ಒಪ್ಪುವುದಿಲ್ಲ.

ಮೇಸ್ತ್ರಿಗೆ ಒಂದು ಮೆಟ್ಟಿಲು ಅಥವಾ ಹತ್ತು ಚದರ ಅಡಿ ಸಾರಣೆ ಸಾಕು. ಅಳತೆ ಯಾವುದರಲ್ಲಿ ಎಂಬುದೇ ಮುಖ್ಯ. 50 ಕಿಲೋದ ಸಿಮೆಂಟ್ ಚೀಲ ಸುಮಾರು 35 ಲೀಟರ್. 1:4 ಎಂದರೆ ಒಂದು ಚೀಲಕ್ಕೆ 140 ಲೀಟರ್ ಹೊಯ್ಗೆ, ಅಂದರೆ ಹೆಚ್ಚುಕಡಿಮೆ 5 ಘನ ಅಡಿ. ಹತ್ತು ಲೀಟರಿನ ಬಕೆಟಿನಿಂದ ಅವರ ಬಾಂಡ್ಲಿ ಎಷ್ಟು ಹಿಡಿಯುತ್ತದೆಂದು ಒಮ್ಮೆ ಅಳೆದುಕೊಂಡರೆ ಆಮೇಲೆ ಬಾಂಡ್ಲಿಯ ಲೆಕ್ಕ ಸಾಕು. ಹೊರಗೋಡೆಗೆ 1:4, ಒಳಗೋಡೆಗೆ 1:6 ಎಂದು ನಾನು ಹೇಳಿಬಿಡುತ್ತೇನೆ. ಮುರಕಲ್ಲು ನೀರು ಹೀರುವ ಕಲ್ಲು. ಹಿಂದಿನ ದಿನವೇ ಗೋಡೆಗೆ ನೀರು ಹೊಡೆಯದಿದ್ದರೆ ಗಾರೆಯ ನೀರನ್ನು ಕಲ್ಲೇ ಕುಡಿದು, ಸಾರಣೆ ಪೊಳ್ಳಾಗುತ್ತದೆ, ತಟ್ಟಿದರೆ ಟೊಳ್ಳು ಶಬ್ದ. ಕಲಸಿ ಅರ್ಧ ಗಂಟೆ ದಾಟಿದ ಗಾರೆಗೆ ಪುನಃ ನೀರು ಹಾಕಿ ಸಡಿಲ ಮಾಡುವವರು, ಏಳು ದಿನ ನೀರು ಬಿಡಲು ಹೇಳದೆ ಹೋಗುವವರು ಪಟ್ಟಿಗೆ ಬರುವುದಿಲ್ಲ.

ಸೋರುವ ತಾರಸಿಗೆ ಜನ ಹುಡುಕುವವರು ಒಂದು ತಪ್ಪು ಮಾಡುತ್ತಾರೆ, ಮಳೆ ಮುಗಿದ ಮೇಲೆ ಕರೆಯುತ್ತಾರೆ. ಸೋರುವಾಗ ತೋರಿಸಿ, ಒಣಗಿದಾಗ ಮಾಡಿಸಬೇಕು. ಜುಲೈಯಲ್ಲಿ ಬಂದವರು ತಾರಸಿ ಹತ್ತಿ ಪ್ಯಾರಪೆಟ್ ಸೇರುವ ಮೂಲೆ, ನೀರು ಹೋಗುವ ಪೈಪಿನ ಬಾಯಿ, ಟ್ಯಾಂಕಿನ ಕಾಲು ಇವನ್ನು ನೋಡುತ್ತಾರಾ, ಇಲ್ಲ ಕೆಳಗಿನಿಂದಲೇ ‘ಕೋಟಿಂಗ್ ಹೊಡೆಯುವ’ ಎನ್ನುತ್ತಾರಾ? ಕೆಲಸ ಜನವರಿ–ಮಾರ್ಚ್‌ನಲ್ಲಿ. ಮುಗಿದ ಮೇಲೆ ಪೈಪಿನ ಬಾಯಿ ಕಟ್ಟಿ 2 ಇಂಚು ನೀರು 48 ಗಂಟೆ ನಿಲ್ಲಿಸಬೇಕು. ಬಿಸಿಲಿಗೆ ಆರುವ ನೀರಿನ ಲೆಕ್ಕ ಸಿಗಲು ಪಕ್ಕದಲ್ಲೊಂದು ಅಗಲ ಪಾತ್ರೆಯಲ್ಲಿ ಅಷ್ಟೇ ನೀರಿಟ್ಟು ಎರಡಕ್ಕೂ ಗುರುತು ಹಾಕಿ. ತಾರಸಿಯ ನೀರು ಪಾತ್ರೆಯದಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ದಾರಿ ಉಂಟು.

ಹಂಚಿನ ಮಾಡಿನವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ, ಸಿಕ್ಕಿದವರನ್ನು ಬಿಡಬಾರದು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನಿಂದ ಹಿಡಿದು ಇಂದಿನವರೆಗೆ ಒಂದೊಂದು ಕಾರ್ಖಾನೆಯ ಹಂಚಿನ ಗಾಡಿ, ಅಂದರೆ ಅಂಚಿನ ತೋಡು, ಒಂದೊಂದು ರೀತಿ. ಒಂದರೊಳಗೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಆ ಸಂದಿನಲ್ಲೇ ನೀರು ಒಳಗೆ. ಹಂಚು ಮಗುಚಿ ಕಾರ್ಖಾನೆಯ ಹೆಸರು ಓದಿ ಆಮೇಲೆ ‘ಇಂಥದ್ದೇ ತನ್ನಿ’ ಎನ್ನುವವರು ನಿಜವಾದ ಕೆಲಸಗಾರರು. 100 ಚದರ ಅಡಿಗೆ ಸುಮಾರು 150 ಹಂಚು ಬೇಕು. ರೀಪು ಹೊಡೆಯುವಾಗ ಟೇಪಿನ ಲೆಕ್ಕ ನಂಬದೆ ತಂದ ಹಂಚನ್ನೇ ಇಟ್ಟು ಅಂತರ ಗುರುತಿಸಬೇಕು.

ಪೈಂಟರ್ ಮತ್ತು ಆಚಾರಿಯ ಬಗ್ಗೆ ಕಡಿಮೆ ಮಾತು ಸಾಕು. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾರನೆ ದಿನ ಹಿಂದೆ ಬೆವರಿದೆಯಾ ನೋಡಿ ಆಮೇಲೆ ಬ್ರಷ್ ಹಿಡಿಯುವವರು, ಪಾಚಿಯನ್ನು ತೊಳೆಯದೆ ಅದರ ಮೇಲೆ ಪೈಂಟ್ ಹೊಡೆಯದವರು ನಿಮ್ಮ ಪೈಂಟರ್. ಆಚಾರಿಯಾದರೆ ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಆಗಲೇ ಪೂರ್ತಿ ಕೀಸದವರು. ಆಗ ಕೀಸಿದರೆ ಮಾರ್ಚ್‌ನಲ್ಲಿ ಬೆರಳು ಹೋಗುವಷ್ಟು ಸಂದು. ಅಡುಗೆಮನೆಯ ಸಿಂಕಿನ ಕೆಳಗೆ ಐಎಸ್ 710 ಗುರುತಿನ, ನೀರು ತಡೆಯುವ ಮರೈನ್ ಪ್ಲೈವುಡ್ಡನ್ನೇ ಕೇಳುವವರು. ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಮನೆಗಳಿಗೆ ಹೊರಗಿನ ಸ್ಕ್ರೂ, ಹಿಂಜ್ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು. 304 ಅಲ್ಲಿ ಬೇಗ ಕಲೆ ಹಿಡಿಯುತ್ತದೆ.

ಒಂದೊಂದು ಕೆಲಸಕ್ಕೆ ಇಬ್ಬರು, ಅದಕ್ಕಿಂತ ಹೆಚ್ಚು ಬೇಡ. ನಾಲ್ವರನ್ನು ಇಟ್ಟುಕೊಂಡರೆ ಯಾರಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಕೆಲಸ ಸಿಗುವುದಿಲ್ಲ, ಯಾರಿಗೂ ನೀವು ಅವರ ಮನೆಯವರಲ್ಲ. ಮತ್ತೊಂದು ವಿಷಯ, ‘ನಾಳೆ ಬರ್ತೇನೆ’ ಎಂದು ಬಾರದಿರುವುದಕ್ಕೆ ಹೆಚ್ಚಾಗಿ ಕಾರಣ ಕೆಲಸದ ಸಣ್ಣತನ. ಒಂದು ವಾಷರ್ ಬದಲಿಸಲು ಬಂದರೆ ಅವರ ಅರ್ಧ ದಿನ ಹೋಯಿತು. ಆದ್ದರಿಂದ ಸಣ್ಣ ಕೆಲಸಗಳನ್ನು ಬರೆದಿಟ್ಟು ಐದಾರು ಆದ ಮೇಲೆ ಕರೆಯುತ್ತೇನೆ. ನಮ್ಮ ಓಣಿಯ ಮನೆಗಳ ಪಟ್ಟಿಯನ್ನೂ ಸೇರಿಸಿದರೆ ಅವರಿಗೆ ಒಂದು ಪೂರ್ತಿ ದಿನದ ಕೆಲಸ. ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು, ಕಳಿಸಿದರೆ ಸಾಮಾನು ತೆಗೆದುಕೊಂಡೇ ಬರುತ್ತಾರೆ. ಮನೆಯಲ್ಲೂ ಒಂದು ಡಬ್ಬಿ ಇರಲಿ: ಅರ್ಧ ಇಂಚಿನ ಎರಡು ಆ್ಯಂಗಲ್ ವಾಲ್ವ್, ಎರಡು ಕನೆಕ್ಷನ್ ಪೈಪು, ಟೆಫ್ಲಾನ್ ಟೇಪು, ವಾಷರುಗಳು, 6 ಆಂಪಿಯರಿನ ನಾಲ್ಕು ಸ್ವಿಚ್ಚು, ಹತ್ತು ಹಳೆ ಹಂಚು. ಭಾನುವಾರ ಅಂಗಡಿ ಬಂದಾಗಿದ್ದರೂ ಕೆಲಸ ನಿಲ್ಲುವುದಿಲ್ಲ.

ದುಡ್ಡಿನ ಮಾತು ಕೆಲಸಕ್ಕೆ ಮುಂಚೆ, ಮುಗಿದ ಮೇಲೆ ಚೌಕಾಸಿ ಇಲ್ಲ. ಏನಿದೆ ಎಂದು ಬಿಚ್ಚಿದ ಮೇಲೆಯೇ ಗೊತ್ತಾಗುವ ರಿಪೇರಿಗೆ ದಿನ ಸಂಬಳ, ಅಳೆಯಬಹುದಾದ ಟೈಲ್ಸ್, ಪೈಂಟ್, ಸಾರಣೆಗೆ ಚದರ ಅಡಿ. ಜಗಳ ಬರುವುದು ಅಳತೆಯಲ್ಲಿ: ಕಿಟಕಿ ಬಾಗಿಲಿನ ಜಾಗ ಕಳೆಯುವುದಾ ಬಿಡುವುದಾ, ಸ್ಕರ್ಟಿಂಗ್ ಚದರ ಅಡಿಯಾ ಉದ್ದದ ಅಡಿಯಾ. ಇದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ದಿನ ಸಂಬಳದವರಿಗೆ ಸಂಜೆಯೇ ಪೂರ್ತಿ ದುಡ್ಡು. ಹತ್ತು ಶೇಕಡಾ ಹಿಡಿದಿಟ್ಟುಕೊಳ್ಳುವುದು ತಾರಸಿಯ ವಾಟರ್‌ಪ್ರೂಫಿಂಗಿನಂಥ ದೊಡ್ಡ ಕೆಲಸಕ್ಕೆ ಮಾತ್ರ, ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಮಾತಿನೊಂದಿಗೆ. ಸಣ್ಣ ಕೆಲಸದವರಲ್ಲಿ ಅದನ್ನು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ, ಅದು ಅವರ ಆ ವಾರದ ಅಕ್ಕಿ.

ಯಾರು ಯಾವಾಗ ಸಿಗುವುದಿಲ್ಲ ಎಂಬುದೂ ಕೆಲಸದವರ ಹೆಸರು ಬರೆದಿಡುವ ಪುಸ್ತಕದಲ್ಲಿರಬೇಕು. ಉತ್ತರ ಕರ್ನಾಟಕದ ಗಾರೆಯವರು ಬಿತ್ತನೆಗೂ ಊರ ಜಾತ್ರೆಗೂ ಹೋಗುತ್ತಾರೆ. ಊರಿನವರಿಗೆ ನೇಮ, ಕೋಲ, ಚೌತಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ ಬರುತ್ತದೆ, ಅದಕ್ಕೆ ಮುಂಚಿನ ವಾರಗಳಲ್ಲಿ ಪೈಂಟರ್, ಲೈಟಿನವರು ಯಾರೂ ಮನೆ ಕೆಲಸಕ್ಕೆ ಬಿಡುವಾಗಿರುವುದಿಲ್ಲ. ಅದೇ ಪುಸ್ತಕದಲ್ಲಿ ಹೆಸರಿನ ಎದುರು ಯಾರು ಹೇಳಿದ್ದು, ಏನು ಕೆಲಸ, ಯಾವ ಸಾಮಾನು ಎಷ್ಟು, ಮತ್ತು ಮುಂದಿನ ಅಕ್ಟೋಬರ್‌ನಲ್ಲಿ ನೋಡಿದಾಗ ಕೆಲಸ ಹೇಗಿದೆ ಎಂಬ ಒಂದು ಸಾಲು.

ಗೋಡೆ ಮುಚ್ಚುವ ಮುಂಚೆ ಪೈಪು, ವೈರಿನ ದಾರಿಗೆ ನೆಲದಿಂದಲೂ ಮೂಲೆಯಿಂದಲೂ ಟೇಪು ಹಿಡಿದು ಫೋಟೋ ತೆಗೆಯುತ್ತೇನೆ, ಅಂಕಿ ಓದುವಷ್ಟು ಹತ್ತಿರದಿಂದ. ಒಂದು ಪ್ರತಿ ಪ್ಲಂಬರ್‌ಗೆ, ಒಂದು ಇಲೆಕ್ಟ್ರಿಷಿಯನ್‌ಗೆ. ಈಗ ಆಚಾರಿ ಶೆಲ್ಫ್ ಹೊಡೆಯಲು ಡ್ರಿಲ್ ತರುವ ಮುಂಚೆ ಪ್ಲಂಬರ್‌ಗೇ ಫೋನ್ ಮಾಡಿ ಆ ಗೋಡೆಯ ಫೋಟೋ ತರಿಸಿಕೊಳ್ಳುತ್ತಾರೆ.