ಮಗುವಿನ ದೂರು ದಾರಿಯಲ್ಲೇ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಡಗಿನ ಲೈನ್ ಮನೆಗಳು, ಅಂದರೆ ತೋಟದ ಕೆಲಸಗಾರರು ಇರುವ ಸಾಲು ಮನೆಗಳು, ತುಂಬುತ್ತವೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಟುಂಬ ಸಮೇತ ಬಂದವರೂ ಇರುತ್ತಾರೆ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಮಕ್ಕಳು ಲೈನ್‌ನಲ್ಲೇ ಉಳಿಯುತ್ತವೆ. ಹಾಗಂತ ತೊಂದರೆ ಅಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬಂಗಲೆಯಲ್ಲಿ, ಹಾಸ್ಟೆಲ್‌ನಲ್ಲಿ, ಟ್ಯೂಷನ್ ಮನೆಯಲ್ಲಿ, ಎಲ್ಲಿಯಾದರೂ ಮಗುವಿನ ಮೇಲೆ ಕೈ ಹಾಕುವವರು ಹೆಚ್ಚಾಗಿ ಗೊತ್ತಿದ್ದವರೇ.

ಕಾನೂನಿಗೇನೂ ಬರವಿಲ್ಲ. ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಹೊಡೆತ, ಹಿಂಸೆ, ನಿರ್ಲಕ್ಷ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆ ಇದೆ. ಎಡವಟ್ಟಾಗುವುದು ವಿಷಯ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟುವಾಗ. ‘ಅವರಿಗೆ ಹೇಳಿದ್ದೇವೆ’ ಅಂತ ಇವರು, ‘ನಮಗೆ ಪತ್ರವೇ ಬಂದಿಲ್ಲ’ ಅಂತ ಅವರು. ಆ ಸಂದಿಯಲ್ಲಿ ದೂರು ಬಿದ್ದುಹೋಗದಂತೆ ನೋಡಿಕೊಳ್ಳಲು ನೀವು ಏನೇನು ಮಾಡಬಹುದು ಅನ್ನುವುದು ಇಲ್ಲಿದೆ.

ಮೊದಲು ಕೇಳಿಸಿಕೊಳ್ಳಿ

ಮಗು ಏನಾದರೂ ಹೇಳಿದರೆ ಪೂರ್ತಿ ಹೇಳಲು ಬಿಡಿ. ‘ನಿಜಾನಾ? ಯಾಕೆ ಮೊದಲೇ ಹೇಳಲಿಲ್ಲ?’ ಎಂದು ಕೇಳಲೇಬೇಡಿ. ಬಿಡಿಸಿ ಬಿಡಿಸಿ ವಿಚಾರಿಸುವುದು ನಿಮ್ಮ ಕೆಲಸವಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆಸಿ ಮತ್ತೆ ಮತ್ತೆ ಹೇಳಿಸುವ ಅಭ್ಯಾಸವಂತೂ ಬಹಳ ಕೆಟ್ಟದ್ದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ಮಗು ಬಳಸಿದ ಮಾತನ್ನೇ ಹಾಗೇ ಬರೆದಿಡಿ, ದಿನಾಂಕ ಹಾಕಿ. ಕೊಡಗಿನ ಯರವ ಬುಡಕಟ್ಟಿನ ಭಾಷೆಯಲ್ಲೋ ಹಿಂದಿಯಲ್ಲೋ ಹೇಳಿದ್ದರೆ ಅದೇ ಶಬ್ದ ಇರಲಿ, ತಿದ್ದಬೇಡಿ.

ಘಟನೆ ಈಗಷ್ಟೇ ನಡೆದಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ. ನಮ್ಮ ಮಳೆ ಹವೆಯಲ್ಲಿ ಪ್ಲಾಸ್ಟಿಕ್ ಕವರ್‌ನೊಳಗೆ ಬೇಗ ಬೂಷ್ಟು ಹಿಡಿಯುತ್ತದೆ. ನಂತರ ಸೀದಾ ಆಸ್ಪತ್ರೆಗೆ ಹೋಗಿ. ‘ಪೊಲೀಸ್ ಪತ್ರ ತನ್ನಿ’ ಎಂದು ಡಾಕ್ಟರ್ ಕೇಳುವಂತಿಲ್ಲ. ತುರ್ತು ಚಿಕಿತ್ಸೆ ಮೊದಲು, ಕಾಗದ ಆಮೇಲೆ.

ಆಮೇಲೆ ಫೋನ್

1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಉಚಿತ. ಅಪಾಯ ಕಣ್ಣೆದುರೇ ಇದ್ದರೆ 112. ನೆಟ್‌ವರ್ಕ್ ಸಿಗದ ತೋಟದಲ್ಲಿದ್ದರೆ ಮೇಲಿನ ರಸ್ತೆಗೆ ಬಂದಾದರೂ ಅಂದೇ ಕರೆ ಮಾಡಿ. ಕರೆಯ ಸಮಯ, ಮಾತಾಡಿದವರ ಹೆಸರು, ಅವರು ಕೊಟ್ಟ ದೂರಿನ ನಂಬರ್ ಬರೆದುಕೊಳ್ಳಿ. ಬಹಳ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು.

ಠಾಣೆಯಲ್ಲಿ

ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದೇ ಪೋಕ್ಸೊ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹಾಸ್ಟೆಲ್ ನಡೆಸುವವರು, ಎಸ್ಟೇಟ್ ಕಂಪನಿಯ ಮೇಲಿನವರು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ, ಹಾಗಾಗಿ ‘ನಾಳೆ ಕೇಸು ನನ್ನ ಮೇಲೇ ಬಂದರೆ?’ ಎಂಬ ಭಯ ಬೇಡ.

ತೋಟದ ಮೇಸ್ತ್ರಿಯೋ ಲೆಕ್ಕ ಬರೆಯುವ ರೈಟರೋ ಕೂತು ‘ಐದೋ ಹತ್ತೋ ಸಾವಿರ ಕೊಡಿಸಿ ಮುಗಿಸೋಣ’ ಎನ್ನಬಹುದು. ಪೋಕ್ಸೊ ಪ್ರಕರಣ ಹೀಗೆ ರಾಜಿಯಲ್ಲಿ ಮುಗಿಸುವಂಥದ್ದಲ್ಲ. ‘ನಮ್ಮ ಸರಹದ್ದಲ್ಲ’ ಎಂದು ಠಾಣೆಯವರು ವಾಪಸ್ ಕಳಿಸುವಂತೆಯೂ ಇಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಆಗಬೇಕು, ಅದರ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗಬೇಕು. ಬರೆದುಕೊಳ್ಳದಿದ್ದರೆ ಅದೇ ದೂರನ್ನು ಮಡಿಕೇರಿಯಲ್ಲಿರುವ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಸರಿ ಅನ್ನಿಸುವ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬರಬೇಕು, ಯೂನಿಫಾರಂ ಹಾಕಿರಬಾರದು. ಬೇಕಿದ್ದರೆ ಭಾಷೆ ಬಲ್ಲವರನ್ನು ಕೇಳಿ ಪಡೆಯಿರಿ. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ.

ವಲಸೆ ಕುಟುಂಬವಾದರೆ ಇನ್ನೊಂದು ಮಾತು. ಕೊಯ್ಲು ಮುಗಿದ ಮೇಲೆ ಅವರು ಊರಿಗೆ ಹೊರಡುತ್ತಾರೆ, ಕೇಸು ಇಲ್ಲೇ ಉಳಿಯುತ್ತದೆ. ಸಮನ್ಸ್ ಖಾಲಿ ಲೈನ್ ಮನೆಯ ಬಾಗಿಲಿಗೆ ಬಂದರೆ ಏನು ಪ್ರಯೋಜನ? ಆದ್ದರಿಂದ ದೂರಿನಲ್ಲೇ ಅವರ ಸ್ವಂತ ಊರಿನ ವಿಳಾಸ, ಅಲ್ಲಿನ ಸಂಬಂಧಿಕರ ಫೋನ್ ನಂಬರ್ ಬರೆಸಿ. ನ್ಯಾಯಾಧೀಶರ ಮುಂದೆ ಮಗುವಿನ ಹೇಳಿಕೆ ಬೇಗ ದಾಖಲಾಗಲಿ ಎಂದು ಪೊಲೀಸರನ್ನು ಒತ್ತಾಯಿಸಿ. ವಿಶೇಷ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗಬೇಕು, ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ ಕಾನೂನು. ಎಳೆದಾಟ ಆಗುವುದೂ ಗೊತ್ತಿದ್ದದ್ದೇ ಅಲ್ವಾ?

24 ಗಂಟೆ ಆದ ಮೇಲೆ

ಪೊಲೀಸರು 24 ಗಂಟೆಯೊಳಗೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ವಿಷಯ ಕೈಜಾರುವುದು ಜಾಸ್ತಿ ಇಲ್ಲೇ. ಹೀಗಾಗಿ ಮರುದಿನ ನೀವೇ ಸಮಿತಿಗೆ ಫೋನ್ ಮಾಡಿ ‘ಇಂಥ ಠಾಣೆಯಿಂದ ವರದಿ ಬಂತಾ?’ ಎಂದು ಕೇಳಿ. ದೂರಿನ ಪ್ರತಿಯೊಂದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಸಮಿತಿ ಕೂರುವ ದಿನವಲ್ಲ ಎಂದು ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಆ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು. ಕೋರ್ಟು ಕಚೇರಿಗೆ ಜೊತೆಗಿರಲು ಬೆಂಬಲ ವ್ಯಕ್ತಿಯೊಬ್ಬರನ್ನು ಕೊಡಿ ಎಂದೂ ಸಮಿತಿಯನ್ನು ಕೇಳಿ. ಅದನ್ನು ಕೇಳಬಹುದೆಂದೇ ಎಷ್ಟೋ ತಾಯಂದಿರಿಗೆ ಗೊತ್ತಿರುವುದಿಲ್ಲ. ಯಾವುದಕ್ಕೂ ಉತ್ತರ ಬರದಿದ್ದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಎಲ್ಲ ರಸೀದಿಗಳ ಪ್ರತಿ ಸೇರಿಸಿ ಬರೆಯಿರಿ.

ಮಗುವಿನ ಹೆಸರು, ಫೋಟೊ, ಶಾಲೆ, ಲೈನ್ ಮನೆಯ ಗುರುತು ಯಾವುದನ್ನೂ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ‘ನ್ಯಾಯ ಸಿಗಲಿ’ ಎಂದು ಬರೆದು ಹಾಕಿದರೂ ತಪ್ಪೇ.

ಇನ್ನು ಏನೂ ಆಗುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಭಾಷಣ, ಬಿಸ್ಕತ್ತಿಗೆ ಮುಗಿಸದೆ ಲೈನ್ ಮನೆಯ ಮಕ್ಕಳನ್ನೂ ಕರೆಸಿ. ಕೊಯ್ಲಿನ ತಿಂಗಳುಗಳಲ್ಲಿ ಆ ಮಕ್ಕಳು ಹಗಲು ಎಲ್ಲಿರುತ್ತಾರೆ, ಅಂಗನವಾಡಿ ಎಷ್ಟು ದೂರ, ಯಾರು ನೋಡಿಕೊಳ್ಳುತ್ತಾರೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.