ಫಸ್ಟ್ ಇಯರ್‌ನಲ್ಲಿ ನಾನು ಬರೆಯೋದು ಕಲ್ತಿದ್ದು ಆಲೆಮನೇಲಿ

ನಾನು ಪಾಂಡವಪುರದ ಕಡೆಯೋನು, ಡಿಗ್ರಿಗೆ ಅಂತ ಮೈಸೂರಿಗೆ ಬಂದು ಹಾಸ್ಟೆಲ್ ಸೇರ್ದೆ. ಪಿಯುಸಿಲಿ ಕನ್ನಡಕ್ಕೆ 90ರ ಮೇಲೆ ಬಂದಿತ್ತು, ಹಂಗಾಗಿ ಪ್ರಬಂಧ ಬರೆಯೋಕೆ ನಂಗೆ ಬರುತ್ತೆ ಅಂತ್ಲೇ ಅಂದ್ಕೊಂಡಿದ್ದೆ. ಮೊದಲ ಸೆಮಿಸ್ಟರ್‌ನಲ್ಲಿ ಕನ್ನಡ ಮೇಡಂ "ನಿಮ್ಮೂರಿನ ಒಂದು ಕೆಲಸದ ಬಗ್ಗೆ ಬರ್ಕೊಂಡ್ ಬನ್ನಿ" ಅಂದ್ರು, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡೋ ಆಲೆಮನೆ ನಮ್ದೇ ಇದೆಯಲ್ಲ ಅಂತ ಒಂದೇ ರಾತ್ರಿಲಿ ನಾಲ್ಕು ಪುಟ ಬರೆದು ಕೊಟ್ಟೆ. ಸಕ್ಕರೆ ನಾಡು ಮಂಡ್ಯ, ರೈತ ದೇಶದ ಬೆನ್ನೆಲುಬು, 1911ರಲ್ಲಿ ಕಟ್ಟೋಕೆ ಶುರು ಮಾಡಿದ ಕೆಆರ್‌ಎಸ್, 1933ರ ಮೈಷುಗರ್ ಫ್ಯಾಕ್ಟರಿ, ವಿಶ್ವೇಶ್ವರಯ್ಯನವರು, ಎಲ್ಲಾ ಇತ್ತು ಅದ್ರಲ್ಲಿ.

ವಾಪಸ್ ಬಂದಾಗ ಹೆಚ್ಚುಕಮ್ಮಿ ಪ್ರತಿ ಪ್ಯಾರಾ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ: "ಇದನ್ನ ನೀನು ನೋಡಿದೀಯಾ?" ಒಂದೇ ಒಂದು ಸಾಲಿಗೆ ರೈಟ್ ಹಾಕಿದ್ರು, "ಕೊಪ್ಪರಿಗೆಗೆ ಬಗ್ಗಿದಾಗ ಅಪ್ಪನ ಕನ್ನಡಕಕ್ಕೆಲ್ಲ ಹಬೆ ಕೂತ್ಕೊಳ್ಳುತ್ತೆ" ಅನ್ನೋದಕ್ಕೆ. ತುಂಬಾ ಬೇಜಾರಾಯ್ತು, ಎರಡು ದಿನ ಕ್ಲಾಸಲ್ಲಿ ತಲೆ ಎತ್ತಲಿಲ್ಲ. ಆದ್ರೆ ಆ ಸಾಲು ಓದ್ದಾಗೆಲ್ಲ ಅಪ್ಪ ಕಣ್ಮುಂದೆ ಬರ್ತಿದ್ರು, ಮಿಕ್ಕಿದ್ರಲ್ಲಿ ಯಾರೂ ಬರ್ತಿರ್ಲಿಲ್ಲ, ಅಲ್ಲೇ ನಂಗೆ ಏನೋ ಹೊಳೀತು.

ಶನಿವಾರ ಟ್ರೈನ್ ಹತ್ತಿ ಊರಿಗೆ ಹೋಗಿ ನೋಟ್‌ಬುಕ್ ಹಿಡ್ಕೊಂಡು ಆಲೆಮನೆ ಒಲೆ ಪಕ್ಕ ಕೂತೆ. ಹುಟ್ಟಿದಾಗಿಂದ ನೋಡಿರೋ ಕೆಲ್ಸ, ಬರೆಯೋಕೆ ಅಂತ ನೋಡಿದ್ದು ಅದೇ ಮೊದಲು. ಕಬ್ಬಿನ ಹಾಲು ಕುದಿಯೋಕೆ ಶುರುವಾದ್ರೆ ಮಡ್ಡಿ ಮೇಲೆ ಬರುತ್ತೆ, ಅದನ್ನ ತೆಗೀತಾನೇ ಇರ್ಬೇಕು. ಪಾಕ ಬಂತಾ ಅಂತ ನೋಡೋಕೆ ಅಪ್ಪ ಒಂಚೂರು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸ್ತಾರೆ, ಉಂಡೆ ಕಟ್ಟಿದ್ರೆ ಇಳಿಸೋ ಹೊತ್ತು, ಬೆರಳಿಗೆ ಸಿಗದೆ ಕರಗಿ ಹೋದ್ರೆ ಇನ್ನೂ ಉರಿ ಬೇಕು. ಆ ಒಂದು ಕ್ಷಣಕ್ಕೇ ಎರಡು ಪುಟ ಬರೆದೆ. ಒಟ್ಟು ಹನ್ನೊಂದು ಪುಟ ಆಯ್ತು.

ಹಾಸ್ಟೆಲ್‌ಗೆ ಬಂದು ರೂಮ್‌ಮೇಟ್‌ಗೆ ಜೋರಾಗಿ ಓದಿ ಹೇಳ್ದೆ. ಅವನು ಮಡಿಕೇರಿ ಕಡೆಯವನು, ಆಲೆಮನೆ ಕಂಡೇ ಇಲ್ಲ. "ಅಲ್ಲ ಕಣೋ, ತಿನ್ನೋ ಬೆಲ್ಲಕ್ಕೆ ಸುಣ್ಣ ಯಾಕೆ ಹಾಕ್ತಾರೆ?" ಅಂದ. ಸುಣ್ಣ ಹಾಲಿನ ಹುಳಿ ಮುರಿಯುತ್ತೆ, ಆಗ ಕೊಳೆ ಗಂಟುಗಂಟಾಗಿ ತೇಲುತ್ತೆ ಅನ್ನೋದು ನಂಗೆ ಗೊತ್ತಿತ್ತು, ಎಲ್ರಿಗೂ ಗೊತ್ತಿರುತ್ತೆ ಅಂತ ಬರೆದೇ ಇರ್ಲಿಲ್ಲ. ಅದನ್ನ ಸೇರಿಸ್ದೆ. ಅವನು ಎಲ್ಲೆಲ್ಲಿ ಮೊಬೈಲ್ ಕಡೆ ನೋಡಿದ್ನೋ ಅಲ್ಲೆಲ್ಲ ಗೆರೆ ಎಳೆದು ತೆಗೆದೆ, ಕೆಆರ್‌ಎಸ್ಸು ಮೈಷುಗರ್ರು ಎಲ್ಲಾ ಹೋಯ್ತು, ಐದು ಪುಟಕ್ಕೆ ಇಳೀತು. ಈಗ್ಲೂ ಏನೇ ಬರೆದ್ರೂ ಆ ವಿಷಯ ಗೊತ್ತಿಲ್ಲದೋರ ಮುಂದೆ ಒಂದ್ಸಲ ಓದದೆ ಕೊಡಲ್ಲ, ನಂಗೆ ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಬೇರೆ ಇಲ್ಲ.

ಕೊಡೋ ಮುಂಚೆ ಇನ್ನೊಂದು ವಾರ ಊರಿಗೆ ಹೋಗಿ ಅಪ್ಪಂಗೆ ಓದಿ ಹೇಳ್ದೆ. ಕಣ್ಣು ಮುಚ್ಕೊಂಡು ಪೂರ್ತಿ ಕೇಳಿದ್ರು.

"ಎಲ್ಲಾ ಸರಿಯಾಗದೆ ಕಣ್ ಮಗ. ಹಾಲು ಹಿಂಡಿದ್ ಕಬ್ಬಿನ್ ರಚ್ಚು ಒಣಗಾಕಿ ಒಲೆಗೆ ಉರಿ ಹಾಕೋಳು ನಿಮ್ಮವ್ವ, ಅವ್ಳೆಲ್ಲವ್ಳೆ ಇದ್ರಲ್ಲಿ?"

ಹೋದ್ ಶನಿವಾರ ಇಡೀ ದಿನ ಒಲೆ ಹತ್ರ ಅವ್ವನ ಪಕ್ಕದಲ್ಲೇ ಕೂತಿದ್ದೆ ನಾನು. ಆ ರಾತ್ರಿ ಮೊದಲ ಪುಟ ಪೂರ್ತಿ ಹೊಡೆದು ಹಾಕಿ, ಬಿಸಿಲು ಬರೋ ಮುಂಚೆ ಅವ್ವ ಕಣದಲ್ಲಿ ರಚ್ಚು ಹರಡೋದ್ರಿಂದ ಶುರು ಮಾಡ್ದೆ.